ಭರಣಿಯಿಂದ ಮಘಾವರೆಗೆ: ಲಕಮನಹಳ್ಳಿಯ ಟಿಪ್ಪಣಿಗಳು

ಭರಣಿ: ಏಪ್ರಿಲ್ ಕೊನೆ, ಮೇ ಮೊದಲು

ಧಾರವಾಡದ ಲಕಮನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಏಳದೆ ಉಳಿದ ಪ್ಲಾಟುಗಳು ಈಗ ಟಿಟ್ಟಿಭಗಳ ಪಾಲು. ಗೂಡು ಎನ್ನುವಂಥದ್ದೇನೂ ಕಾಣುವುದಿಲ್ಲ. ಜಲ್ಲಿಕಲ್ಲಿನ ನಡುವೆ ಅಂಗೈಯಗಲದ ತಗ್ಗು, ಅದರಲ್ಲಿ ಚೂಪು ತುದಿಗಳನ್ನು ಒಳಕ್ಕೆ ಮಾಡಿಕೊಂಡ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಕಣ್ಣೆದುರಿಗೇ ಇದ್ದರೂ ಕಾಣದಷ್ಟು ಕಲ್ಲಿನಂಥವು. ಗಂಡು ಹೆಣ್ಣು ಸರದಿಯ ಮೇಲೆ ಸುಮಾರು ನಾಲ್ಕು ವಾರ ಕಾವು ಕೊಡುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೂತಿದ್ದಕ್ಕಿಂತ ಮೊಟ್ಟೆಗೆ ನೆರಳಾಗಿ ನಿಂತದ್ದೇ ಹೆಚ್ಚು.

ಪ್ಲಾಟಿನ ಪಕ್ಕದ ರಸ್ತೆಯಲ್ಲಿ ಲೋಡು ಹೊತ್ತ ಲಾರಿಗಳು ನೆಲ ಅದುರಿಸುತ್ತ ಹೋಗುತ್ತವೆ. ಹಕ್ಕಿ ಕದಲುವುದಿಲ್ಲ. ಯಾರಾದರೊಬ್ಬರು ರಸ್ತೆ ಬಿಟ್ಟು ನಾಲ್ಕು ಹೆಜ್ಜೆ ಒಳಗೆ ಬಂದರೆ ಸಾಕು, ಎದ್ದು ತಲೆಯ ಮೇಲೆ ಸುತ್ತುತ್ತ ಓಣಿಗೆಲ್ಲ ಕೇಳುವಂತೆ ಚೀರುತ್ತದೆ. ಸಪ್ಪಳ ಎಷ್ಟು ದೊಡ್ಡದು ಎನ್ನುವುದಕ್ಕೂ ಗಾಬರಿ ಎಷ್ಟು ದೊಡ್ಡದು ಎನ್ನುವುದಕ್ಕೂ ಇಲ್ಲಿ ತಾಳೆಯಿಲ್ಲ. ದಿನವೂ ಬರುವುದು ಬೇರೆ, ಎಣಿಸದೆ ಬಂದದ್ದು ಬೇರೆ.

ನಮ್ಮ ಓಣಿಯ ಹುಡುಗಿಯೊಬ್ಬಳು ಈ ಸಲ ಪಿಯುಸಿ ಮುಗಿಸಿದ್ದಾಳೆ. ಕಲಾ ವಿಭಾಗ, ಚಲೋ ಅಂಕ. ಅವಳಿಗೆ ಆಟಿಸಂ ಇದೆ. ಬೆಳಗಿನ ಹಕ್ಕಿ ನೋಡುವ ತಿರುಗಾಟಕ್ಕೆ ಆಗೀಗ ಜೊತೆಗೆ ಬರುತ್ತಾಳೆ. ಹಕ್ಕಿಗಿಂತ ಹೆಚ್ಚಾಗಿ ನೆಲ ನೋಡುತ್ತಾಳೆ. ಹೆಸರು ಬರೆಯುವುದಿಲ್ಲ, ಬರೆಯಬೇಡಿ ಅಂದವಳು ಅವಳೇ. ಉಳಿದದ್ದನ್ನು ಓದಿ ತಿದ್ದಿಕೊಟ್ಟಿದ್ದಾಳೆ. ಅವಳಿಗೆ ಮಾತು ಬೇಕೆನಿಸಿದಾಗ ಬರುತ್ತದೆ, ಬೇಡವೆನಿಸಿದಾಗ ಇಲ್ಲ ಎಂದು ನಾನು ಬರೆದಿದ್ದೆ. ಅದರ ಕೆಳಗೆ ಅವಳ ಅಕ್ಷರದಲ್ಲಿ ಹೀಗಿದೆ: “ಬ್ಯಾಡಾದಾಗ ಅಲ್ಲ. ಗದ್ದಲದಾಗ ಬೇಕಾದ್ರೂ ಬರೂದಿಲ್ಲ.”

ಅವಳ ತಾಯಿ ಒಂದು ಸಂಜೆ ಕೇಳಿದರು: “ನೀವು ಹಕ್ಕಿ ಜಾಗಾ ನೋಡಿ ಬರಕೋತೀರಲ್ರಿ, ಹಂಗ ಆ ಕಾಲೇಜ ಒಂದೀಟು ನೋಡಿ ಬರ್ತೀರೇನು?” ನನಗೆ ಗೊತ್ತಿರುವ ಕಸುಬು ಅದೊಂದೇ. ಒಪ್ಪಿಕೊಂಡೆ. ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಒಂದು ಕಟ್ಟಳೆ ಹಾಕಿಕೊಂಡೆ: ನೋಡಬೇಕಾದದ್ದು ಜಾಗವನ್ನು. ಹುಡುಗಿಯನ್ನು ನೋಡಿದವರು ಬೇಕಾದಷ್ಟು ಜನ ಇದ್ದಾರೆ.

ಕೃತ್ತಿಕಾ: ಮೇ ನಡುಭಾಗ

ಅಡ್ಡಮಳೆಯೊಂದು ಬಂದು ಹೋದ ಮೇಲೆ ನಮ್ಮ ಕಿಟಕಿಯ ಮೂಲೆಯಲ್ಲಿ ಕಡಜವೊಂದು ಮಣ್ಣಿನ ಗೂಡು ಕಟ್ಟುತ್ತಿದೆ. ನಳದ ಬುಡದಿಂದ ಒದ್ದೆಮಣ್ಣಿನ ಉಂಡೆ ತರುತ್ತದೆ, ಗುಂಯ್ಗುಡುತ್ತ ಮೆತ್ತುತ್ತದೆ, ಮತ್ತೆ ಹೊರಡುತ್ತದೆ. ಗೂಡು ಆದ ಮೇಲೆ ಕುಟುಕಿ ಮರಗಟ್ಟಿಸಿದ ಜೇಡಗಳನ್ನು ತಂದು ತುಂಬಿ, ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಕಿಟಕಿಯ ಪಕ್ಕದ ಕ್ಯಾಲೆಂಡರನ್ನು ಬೇರೆ ಗೋಡೆಗೆ ಹಾಕಿದ ದಿನ ಅದು ಒಳಗೆ ಬರುವ ಮುಂಚೆ ಸುತ್ತು ಹೊಡೆದದ್ದು ಹೆಚ್ಚು.

ಗುರುತು ಸರಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಕಡಜಗಳಿಗೆ ಚೆನ್ನಾಗಿ ಕೇಳಿದವನು ಡಚ್ ನಿಸರ್ಗ ವಿಜ್ಞಾನಿ ನಿಕೊ ಟಿನ್‌ಬರ್ಗನ್. ಮರಳಿನಲ್ಲಿ ಬಿಲ ತೋಡುವ, ಜೇನುಹುಳಗಳನ್ನು ಬೇಟೆಯಾಡುವ ಒಂದು ಕಡಜದ ಬಿಲದ ಸುತ್ತ ಅವನು ಪೈನ್ ಕಾಯಿಗಳ ಉಂಗುರ ಇಟ್ಟ. ಕಡಜ ಅದನ್ನು ಗುರುತು ಮಾಡಿಕೊಂಡು ಹಾರಿಹೋದ ಮೇಲೆ ಇಡೀ ಉಂಗುರವನ್ನು ಸ್ವಲ್ಪ ಆಚೆಗೆ ಸರಿಸಿದ. ತಿರುಗಿ ಬಂದ ಕಡಜ ಉಂಗುರದ ನಡುವೆ ಇಳಿದು ಬಿಲ ಹುಡುಕಿತು. ನಿಜವಾದ ಬಿಲ ಪಕ್ಕದಲ್ಲೇ ಬಾಯಿ ತೆರೆದುಕೊಂಡಿತ್ತು. ಇದನ್ನು ಅವನು ಪ್ರಕಟಿಸಿದ್ದು 1932ರಲ್ಲಿ. ಲೊರೆಂಜ್, ಫಾನ್ ಫ್ರಿಶ್ ಜೊತೆ 1973ರಲ್ಲಿ ಅವನಿಗೆ ನೊಬೆಲ್ ಬಂತು.

ಆ ನೊಬೆಲ್ ಭಾಷಣದ ದೊಡ್ಡ ಪಾಲನ್ನು ಟಿನ್‌ಬರ್ಗನ್ ಹಕ್ಕಿಗಳಿಗೂ ಕಡಜಗಳಿಗೂ ಕೊಡಲಿಲ್ಲ, ಆಟಿಸಂ ಇರುವ ಮಕ್ಕಳಿಗೆ ಕೊಟ್ಟ. ಹೆಂಡತಿ ಎಲಿಸಬೆತ್ ಜೊತೆ ಅವನು ಮಕ್ಕಳನ್ನು ಗಮನಿಸಿದ್ದ. ಅಂಜುವ ಮಗುವನ್ನು ದಿಟ್ಟಿಸಬೇಡಿ, ಒಂದು ಸ್ನೇಹದ ನೋಟ ಬೀರಿ ನಿಮ್ಮ ಪಾಡಿಗೆ ಇದ್ದುಬಿಡಿ, ಅದೇ ಹತ್ತಿರ ಬರುತ್ತದೆ ಎಂದ. ಹಕ್ಕಿ ನೋಡುವ ಯಾರಿಗಾದರೂ ಒಪ್ಪಿತವಾಗುವ ಮಾತು. ಅಲ್ಲಿಂದ ಮುಂದೆ ದಾರಿ ತಪ್ಪಿತು. ತಾಯಿ ಮಗುವಿನ ನಂಟು ಕೆಟ್ಟದ್ದರಿಂದ ಹೀಗಾಗುತ್ತದೆ, ನಂಟು ಸರಿಪಡಿಸಿದರೆ ಗುಣವಾಗುತ್ತದೆ ಎಂಬ ತೀರ್ಮಾನಕ್ಕೆ ಬಂದು, 1983ರಲ್ಲಿ ಹೆಂಡತಿಯೊಂದಿಗೆ ಅದನ್ನೇ ಪುಸ್ತಕ ಮಾಡಿದ. ಅಷ್ಟರೊಳಗೆ, 1977ರಲ್ಲೇ, ಸುಸಾನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿ ಆಟಿಸಂನಲ್ಲಿ ಅನುವಂಶೀಯತೆಯ ಪಾತ್ರ ಎಷ್ಟು ದೊಡ್ಡದು ಎಂದು ತೋರಿಸಿದ್ದರು.

ಅವನ ತಾಳ್ಮೆಗೆ ಕೊರತೆಯಿರಲಿಲ್ಲ. ಕಡಜದ ಬಳಿ ಅವನು ಕಾಯಿಗಳನ್ನು ಸರಿಸಿ ನೋಡಿದ. ಜಾಗ ಬದಲಾದರೆ ನಡೆ ಹೇಗೆ ಬದಲಾಗುತ್ತದೆ ಎಂದು ಕೇಳಿದ. ಮಕ್ಕಳ ಬಳಿ ಬಂದಾಗ ದೋಷವನ್ನು ಮನೆಯೊಳಗೆ, ತಾಯಿಯ ಮಡಿಲಲ್ಲಿ ಹುಡುಕಿದ. ನಮ್ಮ ಊರುಗಳಲ್ಲಿ “ತಾಯಿ ಭಾಳ ಮುದ್ದು ಮಾಡ್ಯಾಳ್ರಿ, ಅದಕ ಹಿಂಗ ಆಗೇತಿ” ಎನ್ನುವವರಿಗೆ ಟಿನ್‌ಬರ್ಗನ್ ಯಾರೆಂದು ಗೊತ್ತಿಲ್ಲ. ಮಾತು ಮಾತ್ರ ಅವನದೇ.

ರೋಹಿಣಿ: ಮೇ ಕೊನೆ, ಜೂನ್ ಮೊದಲು

ಮೊದಲು ದಾರಿ. ಕಾಲೇಜು ಇರುವುದು ವಿದ್ಯಾಗಿರಿ ಕಡೆಗೆ. ಲಕಮನಹಳ್ಳಿಯಲ್ಲಿ ಚಿಗರಿ ಹತ್ತಿದರೆ ಗಾಂಧಿನಗರ, ಆಮೇಲೆ ವಿದ್ಯಾಗಿರಿ. ಹುಬ್ಬಳ್ಳಿ ಧಾರವಾಡದ ನಡುವೆ 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ, 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಬಸ್ಸು ಇದು. ನಿಲ್ದಾಣ ನಡುರಸ್ತೆಯಲ್ಲಿದೆ. ಅಲ್ಲಿಗೆ ಮುಟ್ಟಲು ವಾಹನಗಳ ಅರ್ಧ ಹೊಳೆ ದಾಟಬೇಕು. ರಸ್ತೆ ಅಗಲವಾದಾಗ ಹಳೆಯ ಸಾಲುಮರಗಳು ಹೋದವು; ನೆರಳಿಲ್ಲ, ಡಾಂಬರಿನ ಝಳ ಕಣ್ಣಿಗೆ ಹೊಡೆಯುತ್ತದೆ.

ನಿಲ್ದಾಣದೊಳಗಿನ ಟಿಪ್ಪಣಿ: ಟಿಕೆಟ್ ಒಪ್ಪಿದಾಗ ಗೇಟು ಪಟ್ಟನೆ ತೆರೆಯುತ್ತದೆ, ಪಟ್ಟನೆ ಮುಚ್ಚುತ್ತದೆ. ಹಿಂದಿನವರು ದೂಡುತ್ತಾರೆ. ಸರಿಯುವ ಬಾಗಿಲಿನ ಮುಂದೆ ಸಾಲು ಎನ್ನುವುದೇ ಇಲ್ಲ, ಗುಂಪು ಇದೆ. ಬಸ್ಸಿನೊಳಗೆ ತಂಪು, ಇಂಜಿನ್ನಿನ ಸದ್ದು ಕಡಿಮೆ, ನಿಲ್ದಾಣದ ಹೆಸರು ಮೊದಲೇ ಕೂಗುತ್ತಾರೆ. ಇದು ಅವಳಿಗೆ ಒಳ್ಳೆಯದು. ಒಂಬತ್ತೂವರೆಯ ನಂತರ ಕಾಲಿಡಲು ಜಾಗವಿಲ್ಲ. ಒಂಬತ್ತರ ಮೊದಲು ಕಿಟಕಿ ಸೀಟೂ ಸಿಗುತ್ತದೆ. ಕಾಲೇಜು ಹತ್ತಕ್ಕೆ. ಬೇಗ ಹೊರಡುವುದು, ಉಳಿದ ಹೊತ್ತು ಕಾಲೇಜಿನ ಲೈಬ್ರರಿಯಲ್ಲಿ ಕಳೆಯುವುದು ಎಂದು ಅವಳೇ ಪರಿಹಾರ ಬರೆದಳು. ಲೈಬ್ರರಿ ಎಷ್ಟಕ್ಕೆ ತೆರೆಯುತ್ತದೆ ಎಂದು ಕೇಳಿ ಬರುವ ಕೆಲಸ ನನಗೆ ಬಿತ್ತು.

ಆಮೇಲೆ ಕಾಲೇಜು. ರಜೆಯಲ್ಲಿ, ಕಚೇರಿಯ ಒಪ್ಪಿಗೆ ಪಡೆದು, ಅವಳೂ ತಾಯಿಯೂ ನಾನೂ ಹೋದೆವು. ಖಾಲಿ ಕಟ್ಟಡ ನೋಡುವುದಕ್ಕೆ ಇದೇ ಸರಿಯಾದ ಕಾಲ. ಶಹಾಬಾದ ಫರಸಿಯ ನೆಲ, ಎತ್ತರದ ಛಾವಣಿ, ಪರದೆಯಿಲ್ಲದ ಕಿಟಕಿ. ಒಂದು ಕಬ್ಬಿಣದ ಬೆಂಚು ಎಳೆದು ನೋಡಿದೆ. ಸದ್ದು ಗೋಡೆಯಿಂದ ಗೋಡೆಗೆ ಅಲೆದು ಸಾಯಲು ಹೊತ್ತು ಹಿಡಿಯಿತು. ಎಂಬತ್ತು ಜನ ಒಮ್ಮೆಲೇ ಎದ್ದಾಗ ಏನಾಗಬಹುದೆಂದು ಅವಳಿಗೆ ಹೇಳಬೇಕಾಗಲಿಲ್ಲ, ಎರಡೂ ಕೈ ಆಗಲೇ ಕಿವಿಯ ಮೇಲಿದ್ದವು.

ಎರಡನೇ ಕೋಣೆಯಲ್ಲಿ ಸಿಪಾಯಿ ದೀಪ ಹಾಕಿದ. ಅವಳು ಬಾಗಿಲಲ್ಲೇ ನಿಂತಳು. “ಟ್ಯೂಬ್ ಲೈಟ್ ಒದರಾಕತ್ತೈತಿ.” ನನಗೆ ಏನೂ ಕೇಳಿಸಲಿಲ್ಲ. ಏಣಿ ಹತ್ತಿ ಕಿವಿ ಹತ್ತಿರ ಇಟ್ಟ ಮೇಲೆ ಚೋಕಿನ ಗುಂಯ್ಗಾಟ ಕೇಳಿಸಿತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಹಳೆಯ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅದೇ ಲಯದಲ್ಲಿ ಗುನುಗುತ್ತದೆ. ಬಹಳ ಜನರ ಕಣ್ಣು ಕಿವಿ ಅದನ್ನು ಸೋಸಿ ಬಿಸಾಕುತ್ತವೆ. ಕೆಲವರವು ಬಿಸಾಕುವುದಿಲ್ಲ. ಐವತ್ತು ನಿಮಿಷದ ತರಗತಿಯಲ್ಲಿ ಅವಳ ಬಲದ ಎಷ್ಟೋ ಪಾಲು ಪಾಠಕ್ಕಿಂತ ಮೊದಲು ಈ ಟ್ಯೂಬಿಗೇ ಖರ್ಚಾಗುತ್ತದೆ.

ಶಾಲೆಗೂ ಇದಕ್ಕೂ ಇರುವ ವ್ಯತ್ಯಾಸ ಅಂದು ಸ್ಪಷ್ಟವಾಯಿತು. ಶಾಲೆಯಲ್ಲಿ ಒಂದು ಕೋಣೆ, ಒಂದು ಬೆಂಚು, ಮಗುವಿನ ಸ್ವಭಾವ ಬಲ್ಲ ಇಬ್ಬರು ಮೂವರು ಶಿಕ್ಷಕರು. ಏನಾದರೂ ಆದರೆ ತಾಯಿಗೆ ಫೋನು. ಇಲ್ಲಿ ಗಂಟೆಗೊಂದು ಕೋಣೆ, ಗಂಟೆಗೊಬ್ಬ ಅಧ್ಯಾಪಕರು, ನಡುವೆ ಯಾರೂ ಏನೂ ಹೇಳದ ಖಾಲಿ ಅವಧಿ. ತಾಯಿಗೆ ಯಾರೂ ಫೋನು ಮಾಡುವುದಿಲ್ಲ. ಅವಳೇ ಹೇಳಬೇಕು, ಅವಳೇ ಕೇಳಬೇಕು. ಪಾಠ ಕಷ್ಟವಾಗುತ್ತದೆಂದು ಎಲ್ಲರೂ ಹೆದರಿಸಿದ್ದರು. ಕಾಲೇಜಿನ ವೇಳಾಪಟ್ಟಿ ನೋಡಿ ಅವಳು ಬೆರಳಿಟ್ಟು ತೋರಿಸಿದ್ದು ಖಾಲಿ ಅವಧಿಯನ್ನು: “ಇಲ್ಲಿ ಏನ ಮಾಡಬೇಕು?”

ಮೃಗಶಿರ: ಜೂನ್ ನಡುಭಾಗ

ಮಳೆ ಹಿಡಿದಿದೆ. ಹಳದಿ ಬಣ್ಣ ಹೊದ್ದ ಗಂಡು ಗೋಂಕರುಕಪ್ಪೆಗಳು ರಸ್ತೆ ಬದಿಯ ಗುಂಡಿಗಳಲ್ಲಿ ರಾತ್ರಿಯೆಲ್ಲ ವಟಗುಟ್ಟುತ್ತವೆ. ಚಾತಕ ಬಂದಾಗಿದೆ. ಎರಿ ಮಣ್ಣು ಚಪ್ಪಲಿಗೆ ಹತ್ತಿ ಕಾಲು ಭಾರ.

ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಧಾರವಾಡ ಇರುವುದು ಉತ್ತರ ಸಂಕ್ರಮಣ ವಲಯದಲ್ಲಿ. ಪಡುವಣಕ್ಕೆ ಕಲಘಟಗಿ, ಅಳ್ನಾವರದ ಕಾಡು, ಭತ್ತ. ಮೂಡಣಕ್ಕೆ ನವಲಗುಂದದ ಮರವಿಲ್ಲದ ಎರಿ ಬಯಲು. ಮಲೆನಾಡು ಇಲ್ಲಿ ಮುಗಿಯಿತು, ಬಯಲುಸೀಮೆ ಇಲ್ಲಿಂದ ಶುರು ಎಂದು ಗೆರೆ ಎಳೆಯಲು ಬರುವುದಿಲ್ಲ. ಮೈಲಿಗಟ್ಟಲೆ ಎರಡೂ ಕಲಸಿಕೊಂಡಿರುತ್ತವೆ, ಎರಡೂ ಕಡೆಯ ಹಕ್ಕಿಗಳು ಒಂದೇ ಬೇಲಿಯ ಮೇಲೆ ಕೂತಿರುತ್ತವೆ. ಅಂಚಿಗೂ ಅಗಲ ಇರುತ್ತದೆ. ಪಿಯುಸಿಯಿಂದ ಡಿಗ್ರಿಗೆ ಹೋಗುವುದನ್ನು ನಾವು ಮಾತ್ರ ಒಂದು ಸೋಮವಾರದ ಕೆಲಸ ಮಾಡಿಟ್ಟಿದ್ದೇವೆ: ಭಾನುವಾರದವರೆಗೆ ಮನೆಯ ಮಗು, ಸೋಮವಾರದಿಂದ ಎಲ್ಲ ಬಲ್ಲ ವಿದ್ಯಾರ್ಥಿ.

ಕಾಗದಪತ್ರದ ವಾರ ಇದು. ಕಾನೂನು ಟಿಪ್ಪಣಿ ಪುಸ್ತಕದಲ್ಲಿ ಯಾಕೆಂದರೆ ಅದೂ ಆವಾಸದ ಒಂದು ಪದರ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಲ್ಲಿ ಬಂತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿ ಆಟಿಸಂ ಅನ್ನೂ ಸೇರಿಸಿತು. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಶೇ 40 ಅಥವಾ ಹೆಚ್ಚು ವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಇದೆ. ಪಠ್ಯ ಮತ್ತು ಪರೀಕ್ಷೆಯಲ್ಲಿ ಬೇಕಾದ ಮಾರ್ಪಾಡು, ಹೆಚ್ಚುವರಿ ಸಮಯ, ಬರೆಯುವ ಸಹಾಯಕರು ಇವುಗಳನ್ನೂ ಕಾಯ್ದೆ ಹೆಸರಿಸುತ್ತದೆ. 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಪರಿಹಾರ ಸಮಯ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆಯಾಗಬಾರದು. ಮೂರು ತಾಸಿನ ಪೇಪರಿಗೆ ಒಂದು ತಾಸು. ಪ್ರಮಾಣಪತ್ರದ ಅಳತೆ ಶೇ 40 ಮುಟ್ಟದವರಿಗೆ ಬಾಗಿಲು ಮುಚ್ಚಿತೆಂದೂ ಅಲ್ಲ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರೆಯುವ ಸಹಾಯಕರ ಸೌಲಭ್ಯಕ್ಕೆ ಆ ಅಳತೆಯೇ ಗಡಿಯಲ್ಲ, ಆಯಾ ವ್ಯಕ್ತಿಗೆ ಏನು ಬೇಕೆಂದು ನೋಡಬೇಕು ಎಂದು ಹೇಳಿತು. ಎಲ್ಲರಿಗೂ ಎಟಕುವ ಕಾಲೇಜು ಹೇಗಿರಬೇಕೆಂದು ಯುಜಿಸಿ 2022ರಲ್ಲಿ ಮಾರ್ಗಸೂಚಿ ಕೊಟ್ಟಿದೆ.

ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಅಳತೆಗೋಲಿನಲ್ಲಿ 40 ಅಂಶಗಳಿವೆ. ಕಣ್ಣಿಗೆ ಕಣ್ಣು ಕೊಡುತ್ತಾರೋ, ಬದಲಾವಣೆ ತಾಳುತ್ತಾರೋ, ಸದ್ದಿಗೆ ಹೇಗೆ ನಡೆದುಕೊಳ್ಳುತ್ತಾರೋ ಎಂದೆಲ್ಲ ಅಂಕ ಹಾಕುತ್ತದೆ. ಪ್ರಮಾಣಪತ್ರಕ್ಕೆ ಅದು ಬೇಕು, ಇರಲಿ. ಕಾಲೇಜಿಗೆ ಅಂಥ 40 ಪ್ರಶ್ನೆ ಕೇಳುವ ಅಳತೆಗೋಲು ಇದ್ದರೆ ಎಷ್ಟು ಅಂಕ ಬರುತ್ತಿತ್ತೋ ಎಂದು ದಾರಿಯಲ್ಲಿ ಅಂದೆ. ಅವಳು ನಗಲಿಲ್ಲ. ಮನೆಗೆ ಬಂದು ಪ್ರಶ್ನೆಗಳನ್ನು ಬರೆಯಲು ಕೂತಳು.

ಆರಿದ್ರಾ, ಪುನರ್ವಸು: ಜೂನ್ ಕೊನೆ, ಜುಲೈ

ಸಣ್ಣ ಮಳೆ, ನಿಲ್ಲದ ಮಳೆ. ನವಲೂರಿನ ಕಡೆ ಬೇಲಿಯ ಜಾಲಿಯಲ್ಲಿ ಗೀಜಗಗಳು ಕೆಲಸ ಶುರುವಿಟ್ಟಿವೆ. ಗಂಡು ಅರ್ಧ ಗೂಡು ಹೆಣೆದು ನೇತುಬಿಡುತ್ತದೆ, ಹೆಣ್ಣು ಬಂದು ಒಳಹೊಕ್ಕು ಪರೀಕ್ಷೆ ಮಾಡುತ್ತದೆ. ಒಪ್ಪದಿದ್ದರೆ ಆ ಗೂಡು ಅರ್ಧಕ್ಕೇ ಉಳಿಯುತ್ತದೆ. ಬಿಟ್ಟುಹೋದ ಗೂಡುಗಳ ಲೆಕ್ಕ ಮರದಲ್ಲಿ ನೇತಾಡುತ್ತಿದೆ. ಯಾರೂ ಹೆಣ್ಣಿಗೆ ಹಟಮಾರಿ ಅನ್ನುವುದಿಲ್ಲ.

ಜಾಗವನ್ನು ಅಲ್ಲಿ ಇರಬೇಕಾದವರ ಕಣ್ಣಿನ ಎತ್ತರದಿಂದ ನೋಡಿದವರಲ್ಲಿ ಒಬ್ಬರು ಸ್ವತಃ ಆಟಿಸಂ ಇರುವ ಟೆಂಪಲ್ ಗ್ರಾಂಡಿನ್. ಅಮೆರಿಕದ ದನದ ಕೊಟ್ಟಿಗೆಗಳಲ್ಲಿ ದನಗಳು ಓಣಿಯ ಒಂದು ತಾಣಕ್ಕೆ ಬಂದು ಮೊಂಡು ಬೀಳುತ್ತಿದ್ದವು. ಕೆಲಸಗಾರರು ಹೊಡೆಯುತ್ತಿದ್ದರು. ಗ್ರಾಂಡಿನ್ ಆ ಓಣಿಯೊಳಗೇ ಇಳಿದು ನಡೆದರು. ತೂಗಾಡುವ ಸರಪಳಿ, ನೆಲದ ಮೇಲೆ ಬಿದ್ದ ನೆರಳಿನ ಪಟ್ಟೆ, ಬೇಲಿಗೆ ಹಾಕಿದ ಅಂಗಿ ಕಂಡವು. ತೆಗೆದ ಮೇಲೆ ದನ ಮುಂದೆ ಹೋದವು. 1970ರಲ್ಲಿ ಮನೋವಿಜ್ಞಾನದಲ್ಲಿ ಪದವಿ ಪಡೆದ ಗ್ರಾಂಡಿನ್ ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ಅವರ ಕಣ್ಣಿಗೆ ಬಿದ್ದದ್ದು ಉಳಿದವರಿಗೆ ಬೀಳದ್ದಕ್ಕೆ ಕಾರಣ ಸರಳ: ಸರಪಳಿ, ನೆರಳು ಅವರನ್ನೂ ಕಾಡುತ್ತಿದ್ದವು.

ಹುಡುಗಿಯ ಪ್ರಶ್ನೆಗಳ ಪಟ್ಟಿ ಈಗ ಒಂದು ಪುಟದ ಪತ್ರವಾಗಿದೆ. ಕಾಲೇಜಿಗೆ ಕೊಡಲಿಕ್ಕೆ. ಕೊಡಬೇಕೋ ಬೇಡವೋ, ಯಾರಿಗೆ ಕೊಡಬೇಕು ಎನ್ನುವುದು ಅವಳ ನಿರ್ಧಾರ ಎಂದು ತಾಯಿಯೂ ಒಪ್ಪಿದ್ದಾರೆ. ಪ್ರಾಚಾರ್ಯರಿಗೆ, ಅಧ್ಯಾಪಕರಿಗೆ ಸಾಕು, ತರಗತಿಗೆಲ್ಲ ಹೇಳುವುದು ಬೇಡ ಎಂದಳು. ಪತ್ರದ ಸಾರ ಇದು:

ಕೋಣೆ ಅಥವಾ ಹೊತ್ತು ಬದಲಾದರೆ ಹಿಂದಿನ ದಿನ ಬರೆದು ತಿಳಿಸಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ಫಲಕದ ಮೇಲೂ ಬರೆಯಿರಿ. “ನಾಳೆ ನೋಡೋಣು” ಅನ್ನಬೇಡಿ. ನಾಳೆ ಎಂದರೆ ನಾಳೆ ಬರುತ್ತೇನೆ. ಮುಖ ನೋಡದಿದ್ದರೆ ಕೇಳಿಸಿಕೊಳ್ಳುತ್ತಿಲ್ಲ ಎಂದಲ್ಲ. ಒಮ್ಮೆಲೇ ಎಬ್ಬಿಸಿ ಪ್ರಶ್ನೆ ಕೇಳಿದರೆ ಗೊತ್ತಿದ್ದದ್ದೂ ಬರುವುದಿಲ್ಲ, ಬರೆದು ಕೊಡುತ್ತೇನೆ. ಗಂಟೆ ಹೊಡೆಯುವ ಎರಡು ನಿಮಿಷ ಮೊದಲು ಹೊರಗೆ ಹೋಗಲು ಬಿಡಿ. ಏನಾದರೂ ತ್ರಾಸಾದರೆ ಹೋಗಿ ಕೂರಲು ಒಂದು ಜಾಗ, ಕೇಳಲು ಒಬ್ಬರು ಬೇಕು.

ಕೊನೆಯ ವಾಕ್ಯದ “ಒಬ್ಬರು” ಕೆಳಗೆ ಅವಳು ಎರಡು ಗೆರೆ ಎಳೆದಿದ್ದಾಳೆ. ಹತ್ತು ಜನ ಒಳ್ಳೆಯವರಿದ್ದರೆ ಯಾರನ್ನು ಕೇಳಬೇಕೆಂದು ತಿಳಿಯುವುದಿಲ್ಲ. ಹೆಸರು, ಕೋಣೆ, ಹೊತ್ತು ಗೊತ್ತಿರುವ ಒಬ್ಬರು ಸಾಕು. ಭೂಗೋಳದ ಅಧ್ಯಾಪಕಿಯೊಬ್ಬರು ತಾವೇ ಆಗುತ್ತೇನೆ ಎಂದರು.

ಈ ವಾರಗಳಲ್ಲಿ ಬಸ್ಸಿನ ಅಭ್ಯಾಸವೂ ನಡೆಯಿತು. ಮೊದಲು ತಾಯಿಯ ಜೊತೆ, ಆಮೇಲೆ ತಾಯಿ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ, ಆಮೇಲೆ ತಾಯಿ ವಿದ್ಯಾಗಿರಿ ನಿಲ್ದಾಣದಲ್ಲಿ ಕಾಯುತ್ತ, ಕೊನೆಗೆ ಅವಳೊಬ್ಬಳೇ. ಬಸ್ಸು ಕೆಟ್ಟು ನಿಂತರೆ ಏನು ಮಾಡಬೇಕು, ಟಿಕೆಟ್ ಕಳೆದರೆ ಯಾರಿಗೆ ಹೇಳಬೇಕು ಎನ್ನುವುದನ್ನೂ ಬರೆದುಕೊಂಡು ಚೀಲದಲ್ಲಿ ಇಟ್ಟಿದ್ದಾಳೆ.

ಪುಷ್ಯ: ಜುಲೈ ಕೊನೆ

ಕಾಲೇಜು ಶುರುವಾಗಿದೆ. ಮೊದಲ ದಿನ ಸ್ವಾಗತ ಸಮಾರಂಭ, ಧ್ವನಿವರ್ಧಕ, ಹಾಡು. ಅವಳು ಹೋಗಲಿಲ್ಲ, ಎರಡನೇ ದಿನ ಹೋದಳು. ಇದು ಮೊದಲೇ ಮಾತಾಡಿ ಇಟ್ಟದ್ದು.

ನಾನು ಗೇಟಿನ ಹೊರಗಿನ ಹೊಂಗೆಯ ಕೆಳಗೆ ನಿಂತು ನೋಡಿದ್ದು: ಗಂಟೆ ಹೊಡೆದ ಕೂಡಲೇ ಮೆಟ್ಟಿಲ ಮೇಲೆ ಎರಡು ದಿಕ್ಕಿನ ನೂಕುನುಗ್ಗಲು, ಮೂರು ನಾಲ್ಕು ನಿಮಿಷ. ಆಮೇಲೆ ಸಪಾಟು. ಎರಡು ನಿಮಿಷ ಮೊದಲು ಹೊರಟ ಹುಡುಗಿ ಅಷ್ಟರಲ್ಲಿ ಮುಂದಿನ ಕೋಣೆಯ ಗೋಡೆ ಬದಿಯ ಬೆಂಚಿನಲ್ಲಿ ಕೂತಿರುತ್ತಾಳೆ. ಕ್ಯಾಂಟೀನಿನಲ್ಲಿ ಮಿರ್ಚಿ ಕರಿಯುವ ಎಣ್ಣೆಯ ಘಾಟು, ತಾಟುಗಳ ಸಪ್ಪಳ, ಎತ್ತರದ ದನಿಯ ಹರಟೆ. ಅವಳು ಲೈಬ್ರರಿಯ ಹಿಂದಿನ ಕಟ್ಟೆಯಲ್ಲಿ ರೊಟ್ಟಿ ತಿನ್ನುತ್ತಾಳೆ. ಅವಳದೇ ತರಗತಿಯ ಮತ್ತೊಬ್ಬ ಹುಡುಗಿಯೂ ಡಬ್ಬಿ ತಗೊಂಡು ಅಲ್ಲಿಗೇ ಬರುತ್ತಾಳೆ. ಇಬ್ಬರೂ ಮಾತಾಡುವುದು ಕಡಿಮೆ. ಇದನ್ನು ಒಂಟಿತನ ಎಂದು ಯಾರಾದರೂ ಬರೆದುಕೊಂಡಾರು. ಖಾಲಿ ಅವಧಿಗೂ ಈಗ ಒಂದು ಹೆಸರಿದೆ, ವೇಳಾಪಟ್ಟಿಯಲ್ಲಿ ಅವಳು ಬಣ್ಣ ಹಚ್ಚಿ “ನಕಾಶೆ” ಎಂದು ಬರೆದಿದ್ದಾಳೆ: ಲೈಬ್ರರಿಯ ಅಟ್ಲಾಸುಗಳ ಹೊತ್ತು.

ಮನೆಗೆ ಬಂದ ಮೇಲೆ ಎರಡು ತಾಸು ಯಾರ ಮಾತೂ ಬೇಡ. ಕತ್ತಲೆ ಕೋಣೆ. ಮೊದಮೊದಲು ನೆಂಟರು “ಕಾಲೇಜ ಸೇರಿದ ಮ್ಯಾಲ ಸೊಕ್ಕು ಬಂತು” ಅಂದರು. ಇಡೀ ದಿನ ಸೋಸಿಕೊಳ್ಳದ ಕಿವಿ ಕಣ್ಣು ಇಟ್ಟುಕೊಂಡು ಓಡಾಡಿದವರಿಗೆ ಆ ಎರಡು ತಾಸು ಊಟದಷ್ಟೇ ಬೇಕು.

ಆಶ್ಲೇಷಾ: ಆಗಸ್ಟ್ ಮೊದಲು

ಜೋರು ಮಳೆ. ಒಂದು ಕೋಣೆ ಸೋರಿತೆಂದು ತರಗತಿಯನ್ನು ತಗಡಿನ ಛಾವಣಿಯ ಹಾಲಿಗೆ ವರ್ಗ ಮಾಡಿದರು. ಹೇಳಿದ್ದು ಅದೇ ಹೊತ್ತಿಗೆ, ಬಾಯಿಮಾತಿನಲ್ಲಿ. ತಗಡಿನ ಮೇಲೆ ಮಳೆ, ಕೆಳಗೆ ಬೆಂಚು ಎಳೆಯುವ ಸದ್ದು. ಅವಳು ಮೆಟ್ಟಿಲ ಮೇಲೆ ಕಿವಿ ಮುಚ್ಚಿ ಕೂತು ತೂಗಾಡತೊಡಗಿದಳು. ಜನ ಕೂಡಿದರು. ಎಲ್ಲರೂ ಒಳ್ಳೆಯ ಮನಸ್ಸಿನವರೇ. ಒಬ್ಬರು ನೀರು ಹಿಡಿದರು, ಒಬ್ಬರು ಬೆನ್ನು ಸವರಿದರು, ನಾಲ್ಕು ಜನ ಏನಾಯಿತು ಏನಾಯಿತು ಎಂದು ಕೇಳಿದರು. ಒಂದೊಂದು ಕೈಯೂ ಒಂದೊಂದು ದನಿಯೂ ಹೊರೆ ಹೆಚ್ಚಿಸಿತು. ಡಬ್ಬಿಯ ಗೆಳತಿ ಬಂದು ಎಲ್ಲರನ್ನೂ ದೂರ ಕಳಿಸಿ, ತಾನು ಎರಡು ಮೆಟ್ಟಿಲು ಕೆಳಗೆ ಬೆನ್ನು ಮಾಡಿ ಕೂತಳಂತೆ. ಇಪ್ಪತ್ತು ನಿಮಿಷದಲ್ಲಿ ಉಸಿರು ಹದಕ್ಕೆ ಬಂತು.

ಮರುದಿನ ಒಬ್ಬ ಅಧ್ಯಾಪಕರು, ಇಂಥವರಿಗೆ ರೆಗ್ಯುಲರ್ ಕಾಲೇಜು ಸರಿಹೋಗದು, ಮನೆಯಲ್ಲೇ ಓದಲಿ ಎಂದರು. ನಾನು ಅವರಿಗೆ ಡೊನಾಲ್ಡ್ ಟ್ರಿಪ್ಲೆಟ್ ಕಥೆ ಹೇಳಿದೆ. 1943ರಲ್ಲಿ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದು ಆಟಿಸಂಗೆ ವೈದ್ಯಕೀಯದಲ್ಲಿ ಜಾಗ ಕೊಟ್ಟ ಲೇಖನದ ಮೊದಲ ಮಗು ಅವನೇ. ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಸಣ್ಣ ಊರಿನವನು. ಮಿಲ್‌ಸ್ಯಾಪ್ಸ್ ಕಾಲೇಜಿನಲ್ಲಿ ಫ್ರೆಂಚ್ ಓದಿ 1958ರಲ್ಲಿ ಪದವಿ ಪಡೆದ, ತನ್ನೂರಿನ ಬ್ಯಾಂಕಿನಲ್ಲಿ ದಶಕಗಟ್ಟಲೆ ಕೆಲಸ ಮಾಡಿದ, ಗಾಲ್ಫ್ ಆಡಿದ, ದೇಶ ಸುತ್ತಿದ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಅವನ ಮನೆತನ ಉಳ್ಳದ್ದು, ಬ್ಯಾಂಕೂ ಅವರದೇ ಪೈಕಿ, ಅದನ್ನು ಮರೆಯಬಾರದು. ಅವನ ಬದುಕನ್ನು ಹುಡುಕಿ ಬರೆದ ಪತ್ರಕರ್ತರು ಊರನ್ನೂ ನೋಡಿದರು: ಅವನ ವಿಚಿತ್ರಗಳಿಗೆ ಒಗ್ಗಿಕೊಂಡು ಅವನನ್ನು ತಮ್ಮವನೆಂದು ಇಟ್ಟುಕೊಂಡ ಊರು ಅದು. ಆಟಿಸಂ ದಾಖಲೆಯ ಮೊದಲನೆಯ ವ್ಯಕ್ತಿಯೇ ರೆಗ್ಯುಲರ್ ಕಾಲೇಜು ಮುಗಿಸಿದವನು. ಅಧ್ಯಾಪಕರು ಸುಮ್ಮನಾದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಆದರೂ ಆ ವಾರದಿಂದ ಬದಲಾದ ಕೋಣೆಯ ಸಂಖ್ಯೆ ಹಿಂದಿನ ಸಂಜೆಯೇ ತರಗತಿಯ ವಾಟ್ಸಾಪ್ ಗುಂಪಿಗೆ ಬರುತ್ತಿದೆ. ದೂರದ ಹಳ್ಳಿಯಿಂದ ಬರುವ ಹುಡುಗರಿಗೂ ಅದರಿಂದ ಉಪಕಾರವಾಗಿದೆ.

ಮಘಾ: ಆಗಸ್ಟ್ ಕೊನೆ

ಬಿಸಿಲು ಮಳೆ ಕಣ್ಣುಮುಚ್ಚಾಲೆ. ಹೆಸರು ಕೊಯ್ಲಿಗೆ ಬಂದಿದೆ. ಪ್ಲಾಟಿನಲ್ಲಿ ಟಿಟ್ಟಿಭದ ಮರಿಗಳು ಹಾರಾಡುತ್ತಿವೆ. ನಾಲ್ಕರಲ್ಲಿ ಎರಡು ಉಳಿದಿವೆ.

ಟಿಪ್ಪಣಿಗಳನ್ನೆಲ್ಲ ಅವಳಿಗೆ ಓದಲು ಕೊಟ್ಟೆ. ವಾಪಸು ಬಂದಾಗ ಕೊನೆಯ ಪುಟದಲ್ಲಿ ಬರೆದಿದ್ದಳು: “ಬರೇ ತ್ರಾಸ ಬರದೀರಿ. ಭೂಗೋಳದ ಕ್ಲಾಸ್ ಚಲೋ ಐತಿ. ಲೈಬ್ರರಿ ಚಲೋ ಐತಿ. ಮುಂಜಾನಿ ಬಸ್ ಚಲೋ ಐತಿ. ಅದನ್ನೂ ಬರೀರಿ.” ಬರೆದಿದ್ದೇನೆ. ಯಾವುದೇ ಜಾಗದ ಟಿಪ್ಪಣಿಯಲ್ಲಿ ಅಲ್ಲಿ ತಿನ್ನಲು ಏನು ಸಿಗುತ್ತದೆ ಎನ್ನುವುದೂ ಇರಬೇಕು.

ಸೆಮಿಸ್ಟರ್ ಪರೀಕ್ಷೆಗೆ ಹೆಚ್ಚುವರಿ ಸಮಯ ಮತ್ತು ಪ್ರತ್ಯೇಕ ಕೋಣೆಯ ಅರ್ಜಿಯನ್ನು ಈಗಲೇ ಕೊಟ್ಟಾಗಿದೆ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ. ಮುಂದಿನ ವರ್ಷ ಬರುವವರಿಗಾಗಿ ಕಾಲೇಜೇ ರಜೆಯಲ್ಲಿ ಒಂದು ದಿನ ಬಾಗಿಲು ತೆರೆದು ಖಾಲಿ ಕಟ್ಟಡ ತೋರಿಸಲಿ ಎಂದು ಭೂಗೋಳದ ಅಧ್ಯಾಪಕಿ ಪ್ರಾಚಾರ್ಯರಿಗೆ ಬರೆದಿದ್ದಾರೆ. ಹುಡುಗಿಯ ಪ್ರಶ್ನೆಗಳು ಕಾಲೇಜನ್ನು ಅಳೆಯಲು 40 ಮುಟ್ಟಿಲ್ಲ, 26ಕ್ಕೆ ನಿಂತಿವೆ. ಅಷ್ಟೇ ಸಾಕು ಎನ್ನುತ್ತಾಳೆ.

ಆ ಪಟ್ಟಿಯಿಂದ ಅವಳು ಕಾಲೇಜಿಗೆ ಕೇಳಿಕೊಂಡದ್ದು ಐದು ಕೆಲಸ. ಬದಲಾವಣೆಯ ಸೂಚನೆ ಆಗಿದೆ. ಕೇಳಲು ಒಬ್ಬರು ಸಿಕ್ಕಿದ್ದಾರೆ. ಎರಡು ನಿಮಿಷದ ರಿಯಾಯಿತಿ ನಡೆಯುತ್ತಿದೆ. ಅವಳ ಕೋಣೆಗಳಲ್ಲಿ ಚೋಕಿನ ಟ್ಯೂಬು ಹೋಗಿ ಎಲ್‌ಇಡಿ ಬಂದಿವೆ. ಹಣ ಬೇಕಾದದ್ದು ಇದೊಂದಕ್ಕೇ. ಐದನೆಯದು, ಲೈಬ್ರರಿಯ ಕಿಟಕಿಗೇ ಮುಖ ಮಾಡಿರುವ ಧ್ವನಿವರ್ಧಕವನ್ನು ಮೈದಾನದ ಕಡೆ ತಿರುಗಿಸುವುದು, ಇನ್ನೂ ಬಾಕಿ ಇದೆ. ಅದಕ್ಕೆ ಬೇಕಾದದ್ದು ಒಂದು ಏಣಿ, ಒಂದು ಸ್ಕ್ರೂಡ್ರೈವರು.